ನಡುಗಬೇಕು, ಗುಡುಗಬಾರದು

ಟೇಬಲ್ ಫ್ಯಾನಿನ ಮುಂದೆ ಬಾಯಿಟ್ಟು ‘ಆ’ ಎಂದು ಎಳೆಯುವ ಆಟ ಆಡದ ಮಕ್ಕಳು ಕಡಿಮೆ. ರೆಕ್ಕೆಗಳಿಗೆ ಸಿಕ್ಕಿ ದನಿ ತುಂಡುತುಂಡಾಗುತ್ತದೆ. ಗಿಟಾರಿನವರ ಟ್ರೆಮೊಲೊ ಹೆಚ್ಚುಕಡಿಮೆ ಇದೇ. ಸ್ವರ ಇದ್ದಲ್ಲೇ ಇದ್ದು, ಸದ್ದು ಮಾತ್ರ ಸೆಕೆಂಡಿಗೆ ಮೂರರಿಂದ ಹತ್ತು ಸಲ ಏರಿಳಿಯುತ್ತದೆ. ಕಂಪಿತ ಗಮಕ ಕೇಳಿ ಪಳಗಿದ ಕಿವಿಗೆ ಇದು ಮೊದಲು ಮೋಸವೆನಿಸೀತು. ಅಲ್ಲಿ ಅಲುಗುವುದು ಸ್ವರವೇ. ಫೆಂಡರ್ ಕಂಪನಿಯಂತೂ ಶ್ರುತಿ ಜಗ್ಗುವ ಹಿಡಿಗೆ ಟ್ರೆಮೊಲೊ ಎಂದೂ, ಸದ್ದು ಏರಿಳಿಸುವ ನಾಬಿಗೆ ವೈಬ್ರೇಟೊ ಎಂದೂ ತಿರುಗುಮುರುಗಾಗಿ ಹೆಸರಿಟ್ಟಿತು.

ಹುಣಸೂರಿನಲ್ಲಿ ನಾನು ಕಟ್ಟಿಕೊಂಡ ಆಂಪ್ಲಿಫೈಯರ್‌ಗೆ ಮೂಲ ಒಂದು ಹಳೆಯ ಮೈಕ್ ಸೆಟ್. ಜಾತ್ರೆ, ಮದುವೆಗಳಲ್ಲಿ ದುಡಿದು ಅಟ್ಟ ಸೇರಿದ್ದು. ಎರಡು ಇಎಲ್34 ವಾಲ್ವ್, ಸುಮಾರು 30 ವಾಟ್. (1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಶುರುಮಾಡಿದ್ದೂ 30 ವಾಟಿನಲ್ಲೇ. ನಾನು ಬೀದಿಯನ್ನಷ್ಟೇ ಎಬ್ಬಿಸಬಲ್ಲೆ.)

ಇದಕ್ಕೆ ಟ್ರೆಮೊಲೊ ಸೇರಿಸಲು ಬೇಕಾದ ಸಾಮಾನು ಅಲ್ಪ: ಅರ್ಧ ಇಸಿಸಿ83, ಮೂರು ಕಂಡೆನ್ಸರ್, ನಾಲ್ಕೈದು ರೆಸಿಸ್ಟರ್, ಎರಡು ನಾಬ್. 0.01 ಮೈಕ್ರೋಫ್ಯಾರಡ್, 1 ಮೆಗಾಓಮ್ ಜೋಡಿ ಮೂರು ಸಾಲಾಗಿ ಕೂತರೆ ಸೆಕೆಂಡಿಗೆ ಆರೂವರೆ ಸಲದ ಓಲಾಟ. ವಾಲ್ವು ಸಿಗ್ನಲನ್ನು ಕನಿಷ್ಠ 29 ಪಟ್ಟು ಹಿಗ್ಗಿಸಬೇಕು, ಇಲ್ಲದಿದ್ದರೆ ಓಲಾಟ ಹುಟ್ಟುವುದೇ ಇಲ್ಲ. ಕೈಗೆ ಸಿಕ್ಕ ಇಸಿಸಿ82 ಚುಚ್ಚಿ ಒಂದು ಭಾನುವಾರ ಕಳೆದುಕೊಂಡೆ. ಪಿನ್ನು ಒಂದೇ, ತಾಕತ್ತು ಬೇರೆ.

ಹುಟ್ಟಿದ ಓಲಾಟವನ್ನು ಎಲ್ಲಿಗೆ ಕೊಡಬೇಕು ಎಂಬುದೇ ನಿಜವಾದ ತಕರಾರು. ನಿಯಾನ್ ಬಲ್ಬಿನ ಎದುರು ಬೆಳಕಿಗೆ ಸ್ಪಂದಿಸುವ ರೆಸಿಸ್ಟರ್ ಇಡುವ, 1960ರ ದಶಕದ ಫೆಂಡರ್ ಹಾದಿ ಸುಲಭ. ಆದರೆ ಬಲ್ಬು ಹತ್ತಿ ಆರುವುದರಿಂದ ಸದ್ದನ್ನು ಕತ್ತರಿಯಲ್ಲಿ ಕತ್ತರಿಸಿದಂತೆ ಕೇಳುತ್ತದೆ. ನನಗೆ ಒಪ್ಪಿಗೆಯಾದದ್ದು ಪವರ್ ವಾಲ್ವಿನ ಬಯಾಸನ್ನೇ, ಅಂದರೆ ಅದರ ಗ್ರಿಡ್ಡಿಗೆ ಕೊಡುವ ಋಣ ವೋಲ್ಟೇಜನ್ನೇ, ತೂಗುವ ಹಳೆಯ ಹಾದಿ. ಅದು ಹೆಚ್ಚಿದರೆ ವಾಲ್ವು ಮಂಕಾಗುತ್ತದೆ, ಇಳಿದರೆ ಚೇತರಿಸಿಕೊಳ್ಳುತ್ತದೆ. ಸದ್ದು ಉಸಿರಾಡಿದ ಹಾಗೆ. ಮೆಲ್ಲಗೆ ಮೀಟಿದರೆ ಆಳ, ಜೋರಾಗಿ ಬಾರಿಸಿದರೆ ತಾನೇ ತೆಳು.

ಇದಕ್ಕೆ ತೆರುವ ಬೆಲೆಯೂ ಇದೆ. ಓಲಾಟ ಎರಡೂ ವಾಲ್ವಿಗೆ ಒಂದೇ ದಿಕ್ಕಿನಲ್ಲಿ ಬರುವುದರಿಂದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಪರಸ್ಪರ ವಜಾ ಆಗಬೇಕು. ಒಂದು ವಾಲ್ವು ಮುದುಕ, ಇನ್ನೊಂದು ಹರೆಯದ್ದಾದರೆ ಲೆಕ್ಕ ತಪ್ಪಿ, ಗಿಟಾರ್ ಮುಟ್ಟದಿದ್ದರೂ ಸ್ಪೀಕರ್ ‘ದಬ್ ದಬ್’ ಎನ್ನುತ್ತದೆ. ಮೈಕ್ ಸೆಟ್ಟಿನ ವಾಲ್ವುಗಳಿಗೆ ಇದು ಮಾಮೂಲಿ ಕಾಯಿಲೆ. ಒಂದೇ ಪವರ್ ವಾಲ್ವಿನ ಪೆಟ್ಟಿಗೆಯಲ್ಲಿ ವಜಾ ಮಾಡಲು ಜೊತೆಗಾರನೇ ಇಲ್ಲ. ಅಲ್ಲಿ ಈ ಉಪಾಯ ಬೇಡ. ಕ್ಯಾಥೋಡ್ ರೆಸಿಸ್ಟರಿನಿಂದ ತಾನೇ ಬಯಾಸ್ ಹೊಂದಿಸಿಕೊಳ್ಳುವ ಜೋಡಿಯೂ ಅಷ್ಟಕ್ಕಷ್ಟೆ. ಬಯಾಸ್ ತೀರಾ ಇಳಿದರೆ ವಾಲ್ವಿನ ಪ್ಲೇಟ್ ಕೆಂಡವಾಗುತ್ತದೆ. ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರಿನಲ್ಲಿ 400 ವೋಲ್ಟ್ ಕಾದು ಕೂತಿರಬಹುದು, ಅದನ್ನು ಇಳಿಸದೆ ಒಳಗೆ ಕೈ ಹಾಕಬಾರದು.

ನಮ್ಮ ಕರೆಂಟಿನದು ಇನ್ನೊಂದು ರಗಳೆ. ಪಂಪ್‌ಸೆಟ್‌ಗಳು ಒಟ್ಟಿಗೆ ಎದ್ದ ಹೊತ್ತಿನಲ್ಲಿ ಎಚ್.ಡಿ. ಕೋಟೆ ಕಡೆಯ ಹಳ್ಳಿಯಲ್ಲಿ ಹೊಂದಿಸಿದ ನಡುಕ, ಕೆ.ಆರ್. ನಗರದ ಪೇಟೆಯಲ್ಲಿ ಅದೇ ನಡುಕವಾಗಿ ಉಳಿಯಲಿಲ್ಲ. ವೋಲ್ಟೇಜ್ ಬದಲಾದರೆ ಬಯಾಸೂ ಬದಲು, ಓಲಾಟದ ಬಲವೂ ಬದಲು. ಪೆಡಲ್ ಕೊಂಡವರಿಗೆ ಈ ತಾಪತ್ರಯವಿಲ್ಲ ಎಂದು ಒಪ್ಪುತ್ತೇನೆ, ಆದರೂ ನನ್ನ ಮತ ಬಯಾಸಿಗೇ. ಆಳದ ನಾಬು ಮಾತ್ರ ಅರ್ಧ ದಾಟಬಾರದು. ನಾನು ದಾಟಿಸಿದ್ದು ಎರಡೇ ಸಲ. ಎರಡನೆಯ ಸಲ ಪಕ್ಕದ ಮನೆಯವರು, “ನಿಮ್ಮಲ್ಲೂ ಕರೆಂಟ್ ಲೂಸ್ ಹೊಡೀತಾ ಇದೆಯಾ?” ಎಂದು ಕೇಳಿಕೊಂಡು ಬಂದರು.