ಆಕಾಶಕ್ಕೆ ಕಾಣದ ಗೋಮಾಳ

ಬೆಂಗಳೂರು ಬೆಳೆದ ಬಗೆಯನ್ನು ಹೇಳಲು ಪತ್ರಿಕೆಗಳು ಮತ್ತೆ ಮತ್ತೆ ಬಳಸುವ ಜೋಡಿ ನಕ್ಷೆಯೊಂದಿದೆ. ಎಡಗಡೆ 1973, ಬಲಗಡೆ ಇತ್ತೀಚಿನ ವರ್ಷ. ಎಡಗಡೆಯದು ಬಹುಪಾಲು ಹಸಿರು, ಬಲಗಡೆಯದು ಬಹುಪಾಲು ಕೆಂಪು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳಿಂದ ಕಟ್ಟಿದ ಇಂಥ ನಕ್ಷೆಗಳು ಕೆರೆ ಉಳಿಸುವ ವಾದಕ್ಕೆ ದೊಡ್ಡ ಬಲ ಕೊಟ್ಟಿವೆ. ಆ ಸಾಕ್ಷ್ಯವನ್ನು ಒಪ್ಪಿಕೊಂಡೇ ಅದನ್ನೊಂದು ಕಥನವಾಗಿಯೂ ಓದಬೇಕಾಗಿದೆ.

ಕಥೆ 1973ರಲ್ಲೇ ಏಕೆ ಶುರುವಾಗುತ್ತದೆ? ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿದ್ದು 1972ರಲ್ಲಿ, ಅದಕ್ಕೆ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಉಪಗ್ರಹ ಕಣ್ಣು ತೆರೆಯುವ ಹೊತ್ತಿಗೆ ಅವೆರಡೂ ಕೆರೆಗಳಾಗಿ ಉಳಿದಿರಲಿಲ್ಲ. ಆ ಹಳೆಯ ನಷ್ಟ ನಕ್ಷೆಯ ಹೊರಗೇ ಉಳಿದು, 1973 ಸುವರ್ಣಯುಗದಂತೆ ಕಾಣತೊಡಗುತ್ತದೆ.

ಇನ್ನು ನಕ್ಷೆಯ ಶಬ್ದಕೋಶ. ಅದರಲ್ಲಿರುವುದು ನಾಲ್ಕೇ ಪದ: ಕಟ್ಟಡ, ಸಸ್ಯ, ನೀರು, ಇತರೆ. ಉಪಗ್ರಹ ಅಳೆಯುವುದು ನೆಲ ಹಿಂದಿರುಗಿಸುವ ಬೆಳಕನ್ನು; ಆ ನೆಲವನ್ನು ಯಾರು, ಯಾವುದಕ್ಕೆ ಬಳಸುತ್ತಾರೆ ಎಂಬುದು ಬೆಳಕಿನಲ್ಲಿಲ್ಲ. ಕಳೆ ಮುಚ್ಚಿದ ಬೆಳ್ಳಂದೂರು ಕೆರೆ ಅದಕ್ಕೆ ಹಸಿರಾಗಿಯೇ ಕಾಣಬಹುದು. ಗೋಮಾಳ, ಗುಂಡುತೋಪು, ಸ್ಮಶಾನ, ಕೆರೆಯಂಗಳಗಳಿಗೆ ಕಂದಾಯ ದಾಖಲೆಯಲ್ಲಿ ಬೇರೆ ಬೇರೆ ಹೆಸರಿದೆ, ಊರಿನವರಿಗೆ ಬೇರೆ ಬೇರೆ ಹಕ್ಕಿದೆ. ಬೇಸಿಗೆಯ ಚಿತ್ರದಲ್ಲಾದರೋ ದನ ಮೇದ ಗೋಮಾಳವೂ ಲೇಔಟಿಗೆಂದು ಸಮತಟ್ಟು ಮಾಡಿದ ಜಾಗವೂ ಒಂದೇ ‘ಇತರೆ’. ಯೋಜನೆ ಮಾಡುವವರ ಮೇಜಿನ ಮೇಲೆ ಈ ‘ಇತರೆ’ ‘ಖಾಲಿ’ಯಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಜನಸಂಖ್ಯೆಯದೂ ಇದೇ ಕಥೆ. ಬೆಂಗಳೂರು ನಗರ ಜಿಲ್ಲೆಯಲ್ಲಿ 2001ರಲ್ಲಿ ಸುಮಾರು 65 ಲಕ್ಷ ಜನರಿದ್ದರು. 2011ರಲ್ಲಿ 96 ಲಕ್ಷ. ಈ ಅಂಕಿಯನ್ನು ನಕ್ಷೆಯ ಪಕ್ಕದಲ್ಲಿಟ್ಟ ಕೂಡಲೇ ‘ಜನ ಬಂದರು, ಕೆರೆ ಹೋಯಿತು’ ಎಂಬ ಅರ್ಥ ತಾನಾಗಿ ಹುಟ್ಟುತ್ತದೆ. ಆದರೆ 30 ಮೀಟರ್ ಅಗಲದ ಕೆಂಪು ಚೌಕಕ್ಕೆ ಹತ್ತಾರು ಸಂಸಾರಗಳ ವಠಾರವೂ ಒಂದೇ, ಬೀಗ ಹಾಕಿದ ವಿಲ್ಲಾವೂ ಒಂದೇ. ಹೊಣೆ ಹಂಚುವಾಗ ಇವೆರಡೂ ಒಂದೇ ಆಗಬಾರದು.

ಹಾಗಾಗಿ ಈ ನಕ್ಷೆಯನ್ನು ಪಹಣಿಯ ಜೊತೆ, ಹಳೆಯ ಗ್ರಾಮನಕ್ಷೆಯ ಜೊತೆ, ಆ ಬಯಲಲ್ಲಿ ಕುರಿ ಮೇಯಿಸಿದವರ ಮಾತಿನ ಜೊತೆ ಇಟ್ಟು ಓದಬೇಕು. ನೆಲದ ಬಣ್ಣ ಬದಲಾಯಿತೆಂದು ಉಪಗ್ರಹ ಹೇಳುತ್ತದೆ. ಯಾರದಾಗಿದ್ದ ನೆಲ ಯಾರದಾಯಿತು ಎಂಬುದನ್ನು ನೆಲದ ಮೇಲೆಯೇ ಕೇಳಬೇಕು.