ಮರಿ ಹೊರಬಂದರೆ ಗೆದ್ದಂತೆಯೇ?

ಹಲ್ಲಿ ಜಾತಿಯ ಪ್ರಾಣಿಗಳ ಮೊಟ್ಟೆಗೆ ಪೆಟ್ಟಿಗೆಯಲ್ಲಿ ಕಾವು ಕೊಟ್ಟು ಮರಿ ಮಾಡಿಸುವುದು ಈಗ ಮೃಗಾಲಯಗಳಿಗಷ್ಟೇ ಸೇರಿದ ವಿದ್ಯೆಯಾಗಿ ಉಳಿದಿಲ್ಲ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ಒದ್ದೆ ಮಾಡಿದ ವರ್ಮಿಕ್ಯುಲೈಟ್, ಥರ್ಮೋಸ್ಟಾಟ್ ಇರುವ ಒಂದು ಪೆಟ್ಟಿಗೆ ಇದ್ದರೆ ಲೆಪರ್ಡ್ ಗೆಕ್ಕೊ, ಬಿಯರ್ಡೆಡ್ ಡ್ರ್ಯಾಗನ್‌ನಂಥವುಗಳ ಮರಿಗಳನ್ನು ಮನೆಯ ಕೋಣೆಯಲ್ಲೇ ಪಡೆಯಬಹುದು. ಈ ಪದ್ಧತಿಯನ್ನು ಅಳೆಯಲು ಸಾಕುವವರು ಬಳಸುವ ಮಾಪನ ಒಂದೇ: ಇಟ್ಟ ಮೊಟ್ಟೆ ಎಷ್ಟು, ಹೊರಬಂದ ಮರಿ ಎಷ್ಟು. ನನ್ನ ತಕರಾರು ಇರುವುದು ಈ ಲೆಕ್ಕದ ಮೇಲೆ. ಮರಿ ಹೊರಬಂತೆಂಬುದು ಪದ್ಧತಿಯ ಅರ್ಧ ಗೆಲುವನ್ನು ಮಾತ್ರ ಹೇಳುತ್ತದೆ. ಎಂಥ ಮರಿ ಬಂತು, ಯಾತಕ್ಕಾಗಿ ಬಂತು ಎಂಬುದು ಉಳಿದರ್ಧ. ಅದನ್ನು ಕೇಳುವವರು ಕಡಿಮೆ.

ಮೊದಲು ಪದ್ಧತಿ ಗೆದ್ದಿರುವ ಕಡೆ ನೋಡೋಣ. ಕಾವಿಗೆ ಕೂತ ಕೋಳಿ ತನ್ನ ಮೊಟ್ಟೆಗಳನ್ನು ಆಗಾಗ ಹೊರಳಿಸುತ್ತಲೇ ಇರುತ್ತದೆ. ಹಲ್ಲಿಯ ಮೊಟ್ಟೆಗೆ ಅದೇ ಉಪಚಾರ ಮಾಡಿದರೆ ಸಾವು. ಹಕ್ಕಿಯ ಮೊಟ್ಟೆಯಲ್ಲಿ ಹಳದಿ ಭಾಗವನ್ನು ನಡುವೆ ಹಿಡಿದಿಡುವ ಲೋಳೆಯ ಹುರಿಗಳಿರುತ್ತವೆ, ಇಲ್ಲಿ ಅವಿಲ್ಲ. ಇಟ್ಟ ಸ್ವಲ್ಪ ಸಮಯದಲ್ಲೇ ಭ್ರೂಣ ಮೇಲುಭಾಗದ ಪೊರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆಯನ್ನು ಮಗುಚಿದರೆ ಅದು ಬದುಕುವ ಭರವಸೆಯಿಲ್ಲ. ಅದಕ್ಕೇ ಅನುಭವಿಗಳು ಮೊಟ್ಟೆ ಎತ್ತುವ ಮುನ್ನ ಅದರ ನೆತ್ತಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಇದ್ದ ಭಂಗಿಯಲ್ಲೇ ಡಬ್ಬಿಗೆ ಸಾಗಿಸುತ್ತಾರೆ. ಕಾಸಿನ ಖರ್ಚಿಲ್ಲದ ಈ ಕ್ರಮ ಇಡೀ ಪದ್ಧತಿಯ ಅತ್ಯಂತ ಗಟ್ಟಿಯಾದ ಭಾಗ.

ತೇವದ ವಿಷಯದಲ್ಲೂ ಸಾಕುವವರ ಅನುಭವ ಮೆಚ್ಚುವಂಥದು. ಬಹಳಷ್ಟು ಜಾತಿಗಳ ಮೊಟ್ಟೆಯ ಸಿಪ್ಪೆ ಚರ್ಮದ ಹಾಗೆ ಮೆತ್ತಗಿದ್ದು, ಸುತ್ತಲಿನ ಮಣ್ಣಿನಿಂದ ನೀರು ಹೀರಿಕೊಂಡು ಉಬ್ಬುತ್ತದೆ, ತೂಕ ಏರುತ್ತದೆ. ಒಣಗಿದರೆ ಕುಗ್ಗುತ್ತದೆ, ನೀರು ಅತಿಯಾದರೆ ಒಳಗಿನ ಜೀವಕ್ಕೆ ಗಾಳಿ ಸಾಲದೆ ಹೋಗುತ್ತದೆ. ವರ್ಮಿಕ್ಯುಲೈಟ್ ಮತ್ತು ನೀರನ್ನು ಸಮತೂಕದಲ್ಲಿ ಬೆರೆಸುವುದು, ಡಬ್ಬಿಯನ್ನು ಆಗಾಗ ತೂಗಿ ಆವಿಯಾದಷ್ಟೇ ನೀರನ್ನು ಮರಳಿ ಸೇರಿಸುವುದು ಕಣ್ಣಂದಾಜಿಗಿಂತ ಎಷ್ಟೋ ಮೇಲು. ಆದರೆ ಇದನ್ನೇ ಎಲ್ಲಕ್ಕೂ ಅನ್ವಯಿಸುವುದು ಸಲ್ಲದು. ನಮ್ಮ ಗೋಡೆಯ ಮೇಲಿನ ಹಲ್ಲಿಯ ಮೊಟ್ಟೆಗೆ ಸುಣ್ಣದ ಗಟ್ಟಿ ಚಿಪ್ಪಿದೆ. ಅದಕ್ಕೆ ಬೇಕಾದ ನೀರು ಬಹುಮಟ್ಟಿಗೆ ಒಳಗೇ ಇರುತ್ತದೆ. ಅದನ್ನು ಒದ್ದೆಯಲ್ಲಿ ಹೂತರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಕೋಳಿಮೊಟ್ಟೆಗೆಂದು ಮಾಡಿದ ಫ್ಯಾನಿನ ಪೆಟ್ಟಿಗೆಯಲ್ಲಿ ಮೆತ್ತನೆ ಸಿಪ್ಪೆಯ ಮೊಟ್ಟೆಯನ್ನು ತೆರೆದಿಟ್ಟರೆ ಅದು ಒಣಗಿ ಕುಗ್ಗುತ್ತದೆ.

ಪದ್ಧತಿ ಎಡವುವುದು ಉಷ್ಣತೆಯಲ್ಲಿ. ಪಾಠ ಹೇಳುವವರೆಲ್ಲ ಒಂದು ಅಂಕಿ ಕೊಡುತ್ತಾರೆ, ಅದನ್ನು ಅಲುಗಾಡದಂತೆ ಕಾಯಲು ಹೇಳುತ್ತಾರೆ. ಆ ಅಂಕಿ ಮರಿ ಬದುಕುವುದನ್ನಷ್ಟೇ ನಿರ್ಧರಿಸುವುದಿಲ್ಲ. 1966ರಲ್ಲಿ ಮ್ಯಾಡಲಿನ್ ಶಾರ್ನಿಯೆ ಎಂಬ ಫ್ರೆಂಚ್ ವಿಜ್ಞಾನಿ ಸೆನೆಗಲ್‌ನ ಡಾಕಾರ್‌ನಲ್ಲಿ ಅಗಾಮ ಎಂಬ ಓತಿಯ ಮೊಟ್ಟೆಗಳನ್ನು ಪರೀಕ್ಷಿಸಿ, ಕಾವಿನ ಉಷ್ಣತೆಯೊಂದಿಗೆ ಮರಿಗಳ ಲಿಂಗವೂ ಬದಲಾಗುತ್ತದೆಂದು ವರದಿ ಮಾಡಿದರು. ಸರೀಸೃಪಗಳ ಬಗೆಗಿನ ಆ ಬಗೆಯ ಮೊದಲ ವರದಿ ಅದು. ಲೆಪರ್ಡ್ ಗೆಕ್ಕೊದಲ್ಲಿ ಇದು ಇನ್ನೂ ವಿಚಿತ್ರ: 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಣ್ಣು, 32.5ರ ಸುಮಾರಿಗೆ ಹೆಚ್ಚಿನವು ಗಂಡು, 34ಕ್ಕೆ ಏರಿದರೆ ಮತ್ತೆ ಬಹುಪಾಲು ಹೆಣ್ಣು. ಟೆಕ್ಸಾಸ್ ವಿಶ್ವವಿದ್ಯಾಲಯದ ಡೇವಿಡ್ ಕ್ರೂಸ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಗಂಡು ಹೆಚ್ಚು ಹುಟ್ಟುವ ಉಷ್ಣತೆಯಲ್ಲಿ ಬಂದ ಹೆಣ್ಣುಗಳು ತಂಪಿನಲ್ಲಿ ಹುಟ್ಟಿದ ಹೆಣ್ಣುಗಳಿಗಿಂತ ಜಗಳಗಂಟಿಯಾಗಿದ್ದವು. ಅಂದರೆ ಥರ್ಮೋಸ್ಟಾಟಿನ ಗುಂಡಿ ತಿರುಗಿಸುವವರು ಪ್ರಾಣಿಯ ಸ್ವಭಾವಕ್ಕೂ ಕೈ ಹಾಕಿದ್ದಾರೆ.

ಬಿಯರ್ಡೆಡ್ ಡ್ರ್ಯಾಗನ್‌ನದು ಬೇರೆ ಕತೆ. ಅದರ ಲಿಂಗವನ್ನು ವರ್ಣತಂತುಗಳೇ ನಿರ್ಧರಿಸುತ್ತವೆ, ಕಾವು ಹೇಗಿದ್ದರೂ ನಡೆಯುತ್ತದೆ ಎಂದು ನೆಮ್ಮದಿಯಾಗಿರುವಂತಿಲ್ಲ. ಸುಮಾರು 32 ಡಿಗ್ರಿಯನ್ನು ಮೀರಿದ ಶಾಖದಲ್ಲಿ ಗಂಡಿನ ವರ್ಣತಂತುಗಳಿರುವ ಭ್ರೂಣವೂ ಹೆಣ್ಣಾಗಿ ಬೆಳೆಯಬಲ್ಲದು. ಆಸ್ಟ್ರೇಲಿಯದ ಕಾಡಿನಲ್ಲೂ ಇಂಥ ಹೆಣ್ಣುಗಳಿವೆಯೆಂದು 2015ರಲ್ಲಿ ಕ್ಲೇರ್ ಹಾಲೆಲಿ ಮತ್ತು ಸಂಗಡಿಗರು ತೋರಿಸಿದರು. ಬಂಧನದಲ್ಲಿ ಈ ಹೆಣ್ಣುಗಳನ್ನು ಸಾಮಾನ್ಯ ಗಂಡುಗಳೊಂದಿಗೆ ಕೂಡಿಸಿದಾಗ, ಹೆಣ್ಣಿನ ವರ್ಣತಂತು ಮೊದಲ ತಲೆಮಾರಿನಲ್ಲೇ ಆ ಸಂತತಿಯಿಂದ ಮಾಯವಾಗುತ್ತದೆಂಬುದೂ ಗೊತ್ತಾಯಿತು. ಮರಿಯ ಲೆಕ್ಕವನ್ನಷ್ಟೇ ಬರೆದಿಡುವವರಿಗೆ ಇಷ್ಟು ದೊಡ್ಡ ಬದಲಾವಣೆ ಕಾಣುವುದೇ ಇಲ್ಲ.

ಈ ವಿಷಯದಲ್ಲಿ ನಮ್ಮ ಧಾರವಾಡದ ಕೆಲಸವನ್ನು ಇಲ್ಲಿನ ಸಾಕಣೆಗಾರರು ಓದಬೇಕು. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞರು ಬೇಲಿ ಮೇಲಿನ ಓತಿಕ್ಯಾತನನ್ನೇ ಹಿಡಿದು ವರ್ಷಗಟ್ಟಲೆ ಅದರ ಮೊಟ್ಟೆಗಳನ್ನು ಅಭ್ಯಾಸ ಮಾಡಿದ್ದಾರೆ. ಮಳೆ ಬಾರದಿದ್ದರೆ ತಾಯಿ ಮೊಟ್ಟೆಗಳನ್ನು ಒಡಲಲ್ಲೇ ತಡೆದಿಟ್ಟುಕೊಳ್ಳುತ್ತದೆ, ಹಾಗೆ ತಡೆಯುವುದು ಮರಿಗಳ ಮೇಲೂ ಪರಿಣಾಮ ಬೀರುತ್ತದೆ ಎಂದು ಸೈದಾಪುರ, ಶಾನಭಾಗ, ರಡ್ಡೇರ ಅವರ ತಂಡ ತೋರಿಸಿತು. ಇದೇ ಓತಿಯಲ್ಲಿ ಉಷ್ಣತೆ ಏರುತ್ತ ಹೋದಂತೆ ಹೆಣ್ಣು, ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು ಎಂಬ ಅಪರೂಪದ ಕ್ರಮ ಕಾಣುತ್ತದೆಂದು ಇನಾಮದಾರ ಮತ್ತು ಸಂಗಡಿಗರು 2012ರಲ್ಲಿ ವರದಿ ಮಾಡಿದರು. ಮೊಟ್ಟೆಯ ಕತೆ ಡಬ್ಬಿಗೆ ಬಿದ್ದ ದಿನದಿಂದ ಶುರುವಾಗುವುದಿಲ್ಲ, ತಾಯಿಯ ಆರೈಕೆಯೂ ಕಾವಿನ ಭಾಗವೇ ಎಂಬ ಪಾಠ ಇಲ್ಲಿದೆ.

ಹಾಗಾದರೆ ಸರಿಯಾದ ಉಷ್ಣತೆ ಯಾವುದು? ಆಸ್ಟ್ರೇಲಿಯದ ಬೆಟ್ಟಗಳಲ್ಲಿರುವ ಒಂದು ಬಗೆಯ ಹಾವುರಾಣಿಯಲ್ಲಿ ಬಿಸಿಯಾದ ಗೂಡಿನಿಂದ ಬಂದ ಮರಿಗಳು ತಂಪು ಗೂಡಿನವಕ್ಕಿಂತ ಬೇಗ ಕಲಿತವು ಎಂದು 2012ರಲ್ಲಿ ಅಮಿಯೆಲ್ ಮತ್ತು ಶೈನ್ ಕಂಡರು. ಬಿಯರ್ಡೆಡ್ ಡ್ರ್ಯಾಗನ್‌ನ ಮೇಲೆ ಬ್ರಿಟನ್ನಿನಲ್ಲಿ ನಡೆದ ಪ್ರಯೋಗದಲ್ಲಿ ಫಲಿತಾಂಶ ತಿರುಗುಮುರುಗು: ಇನ್ನೊಂದನ್ನು ನೋಡಿ ಕಲಿಯುವುದರಲ್ಲಿ ಬಿಸಿಗೂಡಿನವೇ ಹಿಂದೆ ಬಿದ್ದವು. ಒಂದು ಜಾತಿಗೆ ವರವಾದದ್ದು ಇನ್ನೊಂದಕ್ಕೆ ಕುತ್ತು. ಹೀಗಿರುವಾಗ ಎಲ್ಲ ಹಲ್ಲಿಗೂ ಒಂದೇ ಕೋಷ್ಟಕ ಹಂಚುವುದು ಸೋಮಾರಿತನ. ಹಗಲು ಏರಿ ಇರುಳು ಇಳಿಯುವ ನೆಲದ ಶಾಖವನ್ನು ಮರೆತು, ಸದಾ ಒಂದೇ ಮಟ್ಟದ ಕಾವನ್ನು ಆದರ್ಶವೆಂದು ಸಾರುವುದೂ ಅದೇ ಸಾಲಿಗೆ ಸೇರುತ್ತದೆ.

ಕೆಟ್ಟ ಮೊಟ್ಟೆಯೆಂದು ಎಸೆಯುವ ಆತುರದ ಬಗ್ಗೆಯೂ ಒಂದು ಮಾತು. 2006ರಲ್ಲಿ ಇಂಗ್ಲೆಂಡಿನ ಚೆಸ್ಟರ್ ಮೃಗಾಲಯದಲ್ಲಿ ಗಂಡಿನ ಸಂಗವನ್ನೇ ಕಾಣದ ಕೊಮೋಡೊ ಡ್ರ್ಯಾಗನ್ ಒಂದು ಮೊಟ್ಟೆಯಿಟ್ಟಿತು. ವ್ಯರ್ಥವೆಂದು ಬಿಸಾಡದೆ ಕಾವಿಗಿಟ್ಟು, ಕುಸಿದ ಮೊಟ್ಟೆಗಳ ಡಿಎನ್ಎ ಪರೀಕ್ಷಿಸಿದಾಗ ಗಂಡಿಲ್ಲದೆಯೇ ಭ್ರೂಣ ಬೆಳೆದಿದ್ದದ್ದು ತಿಳಿಯಿತು. ಉಳಿದವುಗಳಿಂದ ಮರಿಗಳೂ ಬಂದವು. ತಾಳ್ಮೆ ಮತ್ತು ಬರವಣಿಗೆ ಇಲ್ಲದೆಡೆ ಇಂಥ ಸಂಗತಿ ಕಸದ ಬುಟ್ಟಿ ಸೇರುತ್ತದೆ.

ಇನ್ನು ಯಾತಕ್ಕಾಗಿ ಎಂಬ ಪ್ರಶ್ನೆ. ಕೆರಿಬಿಯನ್ ಸಮುದ್ರದ ಗ್ರ್ಯಾಂಡ್ ಕೇಮನ್ ದ್ವೀಪದ ನೀಲಿ ಇಗ್ವಾನ 2002ರ ಹೊತ್ತಿಗೆ ಕಾಡಿನಲ್ಲಿ 10ರಿಂದ 25ರಷ್ಟೇ ಉಳಿದಿದೆಯೆಂಬ ಅಂದಾಜಿತ್ತು. ಫ್ರೆಡ್ ಬರ್ಟನ್ ಮುಂದಾಳತ್ವದ ಯೋಜನೆಯಲ್ಲಿ ಮೊಟ್ಟೆಗಳಿಗೆ ಕಾವು ಕೊಟ್ಟು, ಮರಿಗಳನ್ನು ಬೆಕ್ಕು, ಇಲಿಗಳ ಬಾಯಿಗೆ ಬೀಳದಷ್ಟು ದೊಡ್ಡದಾಗುವವರೆಗೆ ಸಾಕಿ ರಕ್ಷಿತ ಪ್ರದೇಶಗಳಲ್ಲಿ ಬಿಟ್ಟರು. 2012ರಲ್ಲಿ ಅದು ‘ತೀವ್ರ ಅಪಾಯ’ದ ಪಟ್ಟಿಯಿಂದ ಒಂದು ಮೆಟ್ಟಿಲು ಮೇಲೇರಿತು. 2018ರ ಹೊತ್ತಿಗೆ ಬಿಡುಗಡೆಯಾದವುಗಳ ಸಂಖ್ಯೆ ಸಾವಿರ ತಲುಪಿತು. ಇಲ್ಲಿ ಕಾವುಪೆಟ್ಟಿಗೆ ಒಂದು ಕೊಂಡಿಯಷ್ಟೇ; ಉಳಿದ ಕೊಂಡಿಗಳು ನೆಲ, ಬೇಲಿ, ಬೆಕ್ಕು-ನಾಯಿಗಳ ನಿಯಂತ್ರಣ. ಈ ಯೋಜನೆಗೂ ಮಿತಿಯಿದೆ. ಬೆಕ್ಕು ಇಲಿಗಳು ಇರುವವರೆಗೆ ಮಾನವನ ಊರುಗೋಲು ತಪ್ಪದು. ಆದರೂ ನಾನು ಕಂಡಂತೆ ಹಲ್ಲಿ ಮೊಟ್ಟೆಯ ಕಾವಿಗೆ ಇಷ್ಟು ಅರ್ಥ ಸಿಕ್ಕಿದ್ದು ಕೆಲವೇ ಕಡೆ.

ಅದೇ ದ್ವೀಪ ಇನ್ನೊಂದು ಮುಖವನ್ನೂ ತೋರಿಸುತ್ತದೆ. ಹೊರಗಿನಿಂದ ಬಂದ ಹಸಿರು ಇಗ್ವಾನ ಅಲ್ಲಿ ಹಬ್ಬಿ, 2018ರಿಂದ ಸರ್ಕಾರ ಹಣ ಕೊಟ್ಟು ಹತ್ತು ಲಕ್ಷಕ್ಕೂ ಹೆಚ್ಚನ್ನು ಕೊಲ್ಲಿಸಬೇಕಾಯಿತು. ಆ ಹಸಿರು ಇಗ್ವಾನವೇ ಇಂದು ಭಾರತದ ನಗರಗಳ ಸಾಕುಪ್ರಾಣಿ ಮಾರುಕಟ್ಟೆಯಲ್ಲಿದೆ. ಕೈಗೆ ಬಂದ ಮೊಟ್ಟೆಗಳಿಗೆಲ್ಲ ಕಾವು ಕೊಡುವುದು ಜೀವದಯೆ ಎಂದು ಭಾವಿಸುವವರು ಆ ಮರಿಗಳು ಬೆಳೆದು ಒಂದೂವರೆ ಮೀಟರ್ ದಾಟುವ ದಿನವನ್ನೂ ಯೋಚಿಸಬೇಕು. ಬಣ್ಣಕ್ಕಾಗಿ ತಳಿ ಮಾಡುವವರ ಲೆಕ್ಕ ಇನ್ನೂ ಕ್ರೂರ. ‘ಲೆಮನ್ ಫ್ರಾಸ್ಟ್’ ಎಂಬ ಹೊಳೆವ ಬಣ್ಣದ ಲೆಪರ್ಡ್ ಗೆಕ್ಕೊಗಳಲ್ಲಿ ಹೆಚ್ಚಿನವು ಚರ್ಮದ ಗೆಡ್ಡೆಗಳಿಂದ ನರಳುತ್ತವೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ದೃಢಪಡಿಸಿತು. ಅವುಗಳ ಮೊಟ್ಟೆಗಳೂ ಪೆಟ್ಟಿಗೆಯಲ್ಲಿ ಒಡೆದು ಮರಿಯಾಗಿದ್ದವು, ಅಂದರೆ ಸಾಕುವವರ ಲೆಕ್ಕದಲ್ಲಿ ಅವೂ ಗೆಲುವೇ.

ನನ್ನ ತೀರ್ಮಾನ ಹೀಗೆ. ಕೈಕೆಲಸವಾಗಿ ಈ ಪದ್ಧತಿ ಪ್ರೌಢವಾಗಿದೆ. ಮಗುಚದಿರುವುದು, ತೇವವನ್ನು ತೂಗಿ ಕಾಯುವುದು, ಒಡೆಯುವ ಹೊತ್ತಿನಲ್ಲಿ ಸಿಪ್ಪೆ ಹರಿದು ‘ಸಹಾಯ’ ಮಾಡದಿರುವುದು ಇದರ ಆಸ್ತಿ. ಜ್ಞಾನವಾಗಿ ಅದು ಅರೆಬೆಂದದ್ದು, ಏಕೆಂದರೆ ಮರಿಯ ಲಿಂಗ, ಬೆಳವಣಿಗೆ, ಆಯಸ್ಸುಗಳ ದಾಖಲೆ ಇಡುವವರು ವಿರಳ. ನೀತಿಯಾಗಿ ಅದು ಇನ್ನೂ ಆರಂಭದಲ್ಲಿದೆ. ನಮ್ಮಲ್ಲಿ 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಹಸಿರು ಇಗ್ವಾನದಂಥ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕು. ಮರಿ ಹುಟ್ಟಿದರೆ ಅದನ್ನೂ ತಿಳಿಸಬೇಕು. ಉಡ ಮೊದಲ ಅನುಸೂಚಿಯಲ್ಲಿದೆ, ಅದರ ಮೊಟ್ಟೆಯನ್ನು ಮುಟ್ಟುವುದೇ ಅಪರಾಧ. ಮನೆಯಲ್ಲಿ ಗೆಕ್ಕೊ ಸಾಕಿ ಮೊಟ್ಟೆ ಸಿಕ್ಕವರು ಪೆಟ್ಟಿಗೆಯ ಗುಂಡಿ ಒತ್ತುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಲಿ: ಈ ಜಾತಿಗೆ ಈ ಉಷ್ಣತೆ ಏನು ಮಾಡುತ್ತದೆ, ಬರುವ ಮರಿಗೆ ಮನೆಯಿದೆಯೇ, ನಾನು ಬರೆದಿಡುವ ದಾಖಲೆ ಇನ್ನೊಬ್ಬರಿಗೆ ಉಪಯೋಗವಾಗುತ್ತದೆಯೇ. ಮೂರಕ್ಕೂ ಉತ್ತರವಿಲ್ಲದಿದ್ದರೆ ಕಾವು ಕೊಡದಿರುವುದೇ ಒಳ್ಳೆಯ ಸಾಕಣೆ.