ಗೋವಿಂದಾಚಾರಿಯವರ ಸಸ್ಯರಸಾಯನವೂ ಖಾನಾಪುರದ ಕಾಡೂ

ವಿಜ್ಞಾನಿಗಳ ಜೀವಿತವನ್ನು ಕುರಿತು ಕನ್ನಡದಲ್ಲಿ ಬರುವ ಬರಹಗಳು ಸಾಮಾನ್ಯವಾಗಿ ಎರಡು ಬಗೆಯಾಗಿರುತ್ತವೆ. ಒಂದು ಬಗೆಯವು ಬಿರುದು ಬಹುಮಾನಗಳನ್ನು ಎಣಿಸಿ ಕೈಮುಗಿಯುತ್ತವೆ. ಇನ್ನೊಂದು ಬಗೆಯವು ಶೋಧಗಳ ಪಟ್ಟಿಯನ್ನು ಕೊಟ್ಟು ಮುಗಿಸುತ್ತವೆ. ಕವಿಯ ವಿಷಯದಲ್ಲಿ ಇಷ್ಟರಿಂದಲೇ ತೃಪ್ತಿಪಡುವ ವಿಮರ್ಶಕನಿಲ್ಲ. ಆತನು ಏನನ್ನು ಕಂಡನು, ಹೇಗೆ ಕಂಡನು, ಕಾಣದೆ ಬಿಟ್ಟುದೇನು ಎಂಬ ಪ್ರಶ್ನೆಗಳು ಅಲ್ಲಿ ತಪ್ಪದೆ ಏಳುತ್ತವೆ. ಅದೇ ಪ್ರಶ್ನೆಗಳನ್ನು ಒಬ್ಬ ರಸಾಯನಜ್ಞನ ಕಾರ್ಯಕ್ಕೂ ಹಾಕಬಹುದೆಂಬುದಕ್ಕೆ ಟಿ. ಆರ್. ಗೋವಿಂದಾಚಾರಿಯವರ ಸಂಶೋಧನೆಯು ಒಳ್ಳೆಯ ನಿದರ್ಶನವಾಗಿದೆ. ಅವರು ಕನ್ನಡನಾಡಿನವರಲ್ಲ, ಆದರೆ ಅವರು ಪರೀಕ್ಷಿಸಿದ ಗಿಡಮರಗಳಲ್ಲಿ ಕೆಲವು ಕನ್ನಡನಾಡಿನ ಘಟ್ಟಗಳವು. ಅವುಗಳಲ್ಲಿ ಮುಖ್ಯವಾದ ಒಂದು ಮರಕ್ಕೂ ಬೆಳಗಾವಿಯ ದಕ್ಷಿಣಕ್ಕಿರುವ ಖಾನಾಪುರದ ಕಾಡಿಗೂ ಸಂಬಂಧವುಂಟು.

ಗೋವಿಂದಾಚಾರಿಯವರ (೧೯೧೫–೨೦೦೧) ಜೀವನಕ್ರಮವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಯನ ಅಧ್ಯಾಪನಗಳು; ನಡುವೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ರೋಜರ್ ಆಡಮ್ಸ್ ಅವರ ಬಳಿ ಸಂಶೋಧನೆ; ೧೯೬೦ರಲ್ಲಿ ಭಟ್ನಾಗರ್ ಪಾರಿತೋಷಕ; ೧೯೬೩ರಿಂದ ಮುಂಬಯಿಯ ಗೋರೆಗಾಂವಿನ ಸೀಬಾ ಸಂಶೋಧನ ಕೇಂದ್ರದ ನಿರ್ದೇಶಕತ್ವ; ಕಡೆಯ ವರ್ಷಗಳಲ್ಲಿ ಮರಳಿ ಮದರಾಸು, ಬೇವಿನ ಬೀಜದ ಪರೀಕ್ಷೆ. ತಮ್ಮ ಐವತ್ತು ವರ್ಷಗಳ ಕೆಲಸವನ್ನು ಅವರು ತಾವೇ ಸಿಂಹಾವಲೋಕನ ಮಾಡಿ ಬರೆದ ಲೇಖನವು ೨೦೦೨ರಲ್ಲಿ ಪ್ರಕಟವಾಯಿತು.

ಈ ಕೆಲಸದ ಸ್ವರೂಪವು ಸಾಹಿತ್ಯದ ಅಧ್ಯಾಪಕರಿಗೆ ಅಪರಿಚಿತವಾದುದಲ್ಲ. ಗಿಡದಿಂದ ತೆಗೆದ ಶುದ್ಧ ಪದಾರ್ಥದ ಅಣುರಚನೆಯು ಕಣ್ಣಿಗೆ ಕಾಣತಕ್ಕದ್ದಲ್ಲ. ಹಿಂದಿನ ರಸಾಯನಜ್ಞನು ಅದನ್ನು ಬಗೆಬಗೆಯಾಗಿ ಒಡೆದು, ಬಂದ ತುಣುಕುಗಳನ್ನು ಗುರುತಿಸಿ, ಅವುಗಳಿಂದ ಇಡಿಯ ರೂಪವನ್ನು ಊಹಿಸುತ್ತಿದ್ದನು. ಬಳಿಕ ಅದೇ ವಸ್ತುವನ್ನು ಪ್ರಯೋಗಶಾಲೆಯಲ್ಲಿ ತಾನೇ ಕಟ್ಟಿ, ಎರಡೂ ಒಂದೇ ಎಂದು ತೋರಿಸಿದ ಮೇಲೆಯೇ ನಿರ್ಣಯವು ಸ್ಥಿರವಾಗುತ್ತಿತ್ತು. ತ್ರುಟಿತವಾದ ಓಲೆಗರಿಗಳಿಂದ ಮೂಲಪಾಠವನ್ನು ನಿಶ್ಚಯಿಸುವ ಸಂಪಾದಕನ ಕ್ರಮವೂ ಇದೇ. ಗೋವಿಂದಾಚಾರಿಯವರು ಈ ಕ್ರಮವನ್ನು ಎಷ್ಟು ತಾಳ್ಮೆಯಿಂದ ನಡೆಸಿದರೆಂಬುದಕ್ಕೆ ಆಡುಮುಟ್ಟದ ಬಳ್ಳಿಯನ್ನು ಕುರಿತ ಅವರ ಲೇಖನಮಾಲೆಯು ಸಾಕ್ಷಿ. ಅದರಲ್ಲಿರುವ ಟೈಲೊಫೋರೀನ್ ಎಂಬ ಪದಾರ್ಥದ ರಚನೆಯನ್ನು ಅವರೂ ಅವರ ಶಿಷ್ಯರೂ ಹಂತಹಂತವಾಗಿ ನಿರ್ಣಯಿಸಿ, ೧೯೬೧ರಲ್ಲಿ ಅದರ ಸಂಯೋಜನೆಯನ್ನೂ ಪ್ರಕಟಿಸಿದರು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯಿರುವ ಭಾಷೆಯಲ್ಲಿ ಒಂದು ಬಳ್ಳಿಗೆ ಆಡುಮುಟ್ಟದ ಬಳ್ಳಿ ಎಂದು ಹೆಸರಿಟ್ಟವರು, ಅದರಲ್ಲಿ ಏನೋ ವಿಶೇಷವಿದೆಯೆಂಬುದನ್ನು ಮೊದಲೇ ಕಂಡಿದ್ದರು. ರಸಾಯನಜ್ಞನ ಪರೀಕ್ಷೆಗೆ ಮುಂಚೆಯೇ ದನಗಾಹಿಯ ಪರೀಕ್ಷೆಯೊಂದು ನಡೆದಿತ್ತು. ಅದರ ಫಲಿತಾಂಶವು ಹೆಸರಿನಲ್ಲಿ ಉಳಿದಿತ್ತು.

ಖಾನಾಪುರದ ಕಡೆಗೆ ವಿಚಾರವನ್ನು ಒಯ್ಯುವುದು ೧೯೭೨ರ ಒಂದು ಲೇಖನ. ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಮನಸುಖ ವಾಣಿ ಎಂಬವರೂ ಅವರ ಸಂಗಡಿಗರೂ ಚೀನಾ ದೇಶದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ಪದಾರ್ಥವನ್ನು ಬೇರ್ಪಡಿಸಿ ೧೯೬೬ರಲ್ಲಿ ಅದರ ರಚನೆಯನ್ನು ತಿಳಿಸಿದ್ದರು. ಅದರ ಅಣುವಿನಲ್ಲಿ ೨೦ ಇಂಗಾಲ, ೧೬ ಜಲಜನಕ, ೨ ಸಾರಜನಕ, ೪ ಆಮ್ಲಜನಕದ ಪರಮಾಣುಗಳಿವೆ. ಅರ್ಬುದರೋಗದ ಗಂತಿಗಳ ಬೆಳವಣಿಗೆಯನ್ನು ಅದು ತಡೆಯುವುದೆಂದು ಕಂಡುಬಂದಿತ್ತು. ಆದರೆ ಆ ಮರದಿಂದ ದೊರೆಯುತ್ತಿದ್ದುದು ಅತ್ಯಲ್ಪ. ಗೋವಿಂದಾಚಾರಿಯವರೂ ಎನ್. ವಿಶ್ವನಾಥನ್ ಅವರೂ ಅದೇ ಪದಾರ್ಥವು ಪಶ್ಚಿಮಘಟ್ಟಗಳ ಮ್ಯಾಪಿಯ ಫೀಟಿಡ ಎಂಬ ಚಿಕ್ಕ ಮರದಲ್ಲಿ ಹೇರಳವಾಗಿದೆಯೆಂದೂ, ಅದರ ಸಂಗಡ ಸಹೋದರ ಪದಾರ್ಥವೊಂದು ಇದೆಯೆಂದೂ ತೋರಿಸಿದರು. ‘ಫೈಟೊಕೆಮಿಸ್ಟ್ರಿ’ ಪತ್ರಿಕೆಯಲ್ಲಿ ಬಂದ ಆ ಲೇಖನವು ಮೂರೇ ಪುಟ. ಹೊಸ ಕಾವ್ಯವನ್ನು ಕಂಡುಹಿಡಿದ ಕೀರ್ತಿ ಅದಕ್ಕೆ ಸಲ್ಲದು. ದೂರದೇಶದಲ್ಲಿ ದೊರೆತ ಕಾವ್ಯಕ್ಕೆ ತುಂಬಿದ ಪ್ರತಿಯೊಂದು ನಮ್ಮ ಮನೆಯಲ್ಲಿಯೇ ಇದೆಯೆಂದು ತೋರಿಸಿದ ಕೀರ್ತಿ ಸಲ್ಲುತ್ತದೆ. ಎರಡು ಮರಗಳೂ ಒಂದೇ ಕುಲಕ್ಕೆ ಸೇರಿದವಲ್ಲವಾದುದರಿಂದ ಈ ಗುರುತಿಸುವಿಕೆಯು ಸುಲಭವಾಗಿರಲಿಲ್ಲ.

ಈ ಮರದ ಹೆಸರುಗಳನ್ನು ನೋಡಬೇಕು. ಗ್ರೇಹಾಮ್ ಎಂಬವನು ೧೮೩೯ರಲ್ಲಿ ಪ್ರಕಟವಾದ ತನ್ನ ಮುಂಬಯಿ ಸಸ್ಯಗಳ ಪಟ್ಟಿಯಲ್ಲಿ ನಿಮ್ಮೋ ಎಂಬವನ ಗೌರವಾರ್ಥವಾಗಿ ಇದಕ್ಕೆ ನಿಮ್ಮೋನಿಯಾನ ಎಂದು ಹೆಸರಿಟ್ಟನು. ಮುಂದಿನವರು ಹೂವಿನ ನಾತವನ್ನು ಲಕ್ಷಿಸಿ ಫೀಟಿಡ, ಎಂದರೆ ನಾರುವುದು, ಎಂದರು. ಈಗ ಶಾಸ್ತ್ರಜ್ಞರು ನೊತಪೊಡೈಟಿಸ್ ನಿಮ್ಮೋನಿಯಾನ ಎಂದು ಹಳೆಯ ಹೆಸರಿಗೇ ಮರಳಿದ್ದಾರೆ. ಕನ್ನಡದಲ್ಲಿ ಅದು ದುರ್ವಾಸನೆ ಮರ, ಮರಾಠಿಯಲ್ಲಿ ನರಕ್ಯಾ. ಮಲಪ್ರಭೆಯು ಹುಟ್ಟುವ ಕಣಕುಂಬಿ, ಜಾಂಬೋಟಿ, ಭೀಮಗಡ ಇವುಗಳನ್ನೊಳಗೊಂಡ ಖಾನಾಪುರ ಸೀಮೆಯಲ್ಲಿ ಕನ್ನಡ ಮರಾಠಿ ಕೊಂಕಣಿಗಳು ಒಟ್ಟಿಗೆ ಬಾಳುತ್ತಿರುವುದರಿಂದ ಒಂದೇ ಮರಕ್ಕೆ ಹಲವು ಹೆಸರುಗಳಿರುವುದು ಸಹಜ. ಕಾಡಿನವನು ಮೂಗಿನಿಂದ ತಿಳಿದುದನ್ನೇ ಲ್ಯಾಟಿನ್ ಭಾಷೆಯೂ ಒಮ್ಮೆ ಹೇಳಿತು, ಬಳಿಕ ಮರೆತಿತು. ಪ್ರಯೋಗಶಾಲೆಯ ಮಾತಿನಲ್ಲಿಯೂ ಇಂಥ ತೊಡಕುಂಟು. ಈ ವರ್ಗದ ಪದಾರ್ಥಗಳಿಗೆ ಕನ್ನಡದಲ್ಲಿ ಸಸ್ಯಕ್ಷಾರವೆಂಬ ಮಾತು ಬಳಕೆಯಲ್ಲಿದೆ. ಆದರೆ ಆ ವರ್ಗಕ್ಕೇ ಸೇರಿದ ಕ್ಯಾಂಪ್ಟೊಥೆಸಿನ್ ಕ್ಷಾರಗುಣವನ್ನು ತೋರುವುದಿಲ್ಲವೆಂದೇ ಹೇಳಬೇಕು. ಪಾರಿಭಾಷಿಕ ಪದವನ್ನು ರಚಿಸುವವರು ವರ್ಗದ ಹೆಸರನ್ನು ಗುಣದ ವಿವರಣೆಯೆಂದು ಭ್ರಮಿಸಬಾರದೆಂಬ ಎಚ್ಚರಿಕೆಯು ಇದರಿಂದ ದೊರೆಯುತ್ತದೆ.

ಇನ್ನು ದೋಷವಿಚಾರ. ಸಸ್ಯರಸಾಯನದ ಲೇಖನಗಳಲ್ಲಿ ಮರಕ್ಕೂ ಊರಿಗೂ ಋತುವಿಗೂ ಸಾಮಾನ್ಯವಾಗಿ ಸಲ್ಲುವುದು ಒಂದೆರಡು ವಾಕ್ಯ. ಸೂತ್ರವು ತಿಳಿದೊಡನೆ ಮರದ ಪಾತ್ರವು ಮುಗಿಯುತ್ತದೆ. ಇದು ಗೋವಿಂದಾಚಾರಿಯವರೊಬ್ಬರ ದೋಷವಲ್ಲ, ಆ ಪದ್ಧತಿಯದು. ಮುದ್ರಣವಾದ ಮೇಲೆ ಓಲೆಯ ಕಟ್ಟನ್ನು ಅಟ್ಟದ ಮೇಲೆ ಹಾಕುವ ಸಂಪಾದಕನ ಅಲಕ್ಷ್ಯದಂತೆಯೇ ಇದು ಎನ್ನಬಹುದಾದರೂ ಒಂದು ಭೇದವಿದೆ. ಮುದ್ರಿತ ಗ್ರಂಥವು ದೊರೆತ ಮೇಲೆ ಓದುಗನಿಗೆ ಓಲೆಯ ಅವಶ್ಯಕತೆಯಿಲ್ಲ. ಸೂತ್ರವು ದೊರೆತ ಮೇಲೆಯೂ ರೋಗಿಗೆ ಮರದ ಅವಶ್ಯಕತೆ ತಪ್ಪಲಿಲ್ಲ. ಕ್ಯಾಂಪ್ಟೊಥೆಸಿನ್ನನ್ನು ಪ್ರಯೋಗಶಾಲೆಯಲ್ಲಿ ಕಟ್ಟುವ ಮಾರ್ಗವು ೧೯೭೧ರಷ್ಟು ಹಿಂದೆಯೇ ತಿಳಿದಿದ್ದರೂ ಮರದಿಂದ ತೆಗೆಯುವುದೇ ಲಾಭಕರವಾಗಿ ಉಳಿಯಿತು. ಅದರಿಂದ ಮಾಡಿದ ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಔಷಧಗಳಿಗೆ ೧೯೯೬ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆತುದು ಈ ಬೇಡಿಕೆಯನ್ನು ಸ್ಥಿರಗೊಳಿಸಿತು. ಬೇಡಿಕೆಯು ಹೆಚ್ಚಿದಂತೆ ಪಶ್ಚಿಮಘಟ್ಟಗಳಲ್ಲಿ ಈ ಮರವು ಕೊಡಲಿಗೆ ಗುರಿಯಾಯಿತು. ಯಾರೂ ಮೂಸದೆ ಬಿಟ್ಟಿದ್ದ ಮರಕ್ಕೆ ಕೀರ್ತಿಯೇ ಮೃತ್ಯುವಾಗಿ ಬಂದಿತು. ಗೋವಿಂದಾಚಾರಿಯವರು ಕಡೆಗಾಲದಲ್ಲಿ ಪರೀಕ್ಷಿಸಿದ ಬೇವಿನ ಗತಿಯು ಬೇರೆ. ಅದು ಊರೂರಿನಲ್ಲಿ ಬೆಳೆಯುವ ಮರ. ಅದರ ಮೇಲಣ ಒಂದು ಪರದೇಶೀಯ ಹಕ್ಕುಪತ್ರವನ್ನು ಯುರೋಪಿನ ಪೇಟೆಂಟ್ ಕಚೇರಿಯು ೨೦೦೦ದಲ್ಲಿ ರದ್ದುಪಡಿಸುವಂತೆ ವಾದಿಸಲು ಜನರಿದ್ದರು. ದುರ್ವಾಸನೆ ಮರಕ್ಕೆ ಅಂಥ ಬಂಧುಬಳಗವಿಲ್ಲ.

ರಚನೆಯೊಂದೇ ಸಾಕೆಂಬ ಮತಕ್ಕೆ ಉತ್ತರವು ಸೂಕ್ಷ್ಮಜೀವಿಗಳ ಕಡೆಯಿಂದ ಬಂದಿತು. ಈ ಮರದ ಒಳತೊಗಟೆಯಲ್ಲಿ ವಾಸಿಸುವ ಶಿಲೀಂಧ್ರವೊಂದು ತಾನೇ ಕ್ಯಾಂಪ್ಟೊಥೆಸಿನ್ನನ್ನು ಉತ್ಪತ್ತಿಮಾಡುವುದೆಂದು ೨೦೦೫ರಲ್ಲಿ ಜಮ್ಮುವಿನ ಸಂಶೋಧಕರು ಪ್ರಕಟಿಸಿದರು. ಮರವನ್ನು ಕಡಿಯದೆ ಶಿಲೀಂಧ್ರವನ್ನು ಪಾತ್ರೆಯಲ್ಲಿ ಬೆಳೆಸಿದರಾಯಿತೆಂಬ ಆಶೆ ಹುಟ್ಟಿತು. ಆದರೆ ಬೆಂಗಳೂರಿನ ಆರ್. ಉಮಾಶಂಕರ್ ಮೊದಲಾದವರು ಆ ಜಮ್ಮುವಿನವರ ಸಹಯೋಗದಲ್ಲಿ ೨೦೧೦ರಲ್ಲಿ ಪ್ರಕಟಿಸಿದ ಲೇಖನವು, ಇಂಥ ಶಿಲೀಂಧ್ರಗಳನ್ನು ಪಾತ್ರೆಯಿಂದ ಪಾತ್ರೆಗೆ ಬದಲಿಸುತ್ತ ಹೋದಂತೆ ಉತ್ಪತ್ತಿಯು ಕುಗ್ಗುವುದನ್ನು ತೋರಿಸಿತು. ಕನ್ನಡದ ಕಾದಂಬರಿಕಾರರೂ ಆದ ಕೆ. ಎನ್. ಗಣೇಶಯ್ಯನವರು ಆ ಲೇಖಕರಲ್ಲಿ ಒಬ್ಬರು. ಮರದ ಸಹವಾಸವನ್ನು ಬಿಟ್ಟ ಜೀವಿಯು ತನ್ನ ವಿದ್ಯೆಯನ್ನು ಮರೆಯುತ್ತದೆ ಎಂಬುದೇ ಇದರ ತಾತ್ಪರ್ಯ. ಮೂರು ಪುಟಗಳ ಲೇಖನವು ಮರವನ್ನು ಬಿಟ್ಟು ಸೂತ್ರವನ್ನು ಹಿಡಿದುದು ಆ ಕಾಲಕ್ಕೆ ಯುಕ್ತವಾಗಿತ್ತು. ಸೂತ್ರದಿಂದ ಮತ್ತೆ ಮರಕ್ಕೆ ಬರಬೇಕಾದುದು ಈ ಕಾಲದ ನ್ಯಾಯ.

ಆದುದರಿಂದ ಗೋವಿಂದಾಚಾರಿಯವರ ಸಾಧನೆಯನ್ನು ಅಳೆಯುವಲ್ಲಿ ಎರಡು ಮಾತುಗಳನ್ನು ಕೂಡಿಯೇ ಹೇಳಬೇಕು. ಪಾಠನಿರ್ಣಯದಲ್ಲಿ ಅವರಿಗೆ ಸಮಾನರಾದವರು ಈ ದೇಶದಲ್ಲಿ ಕೆಲವರೇ. ಆದರೆ ಪಾಠವು ಎಲ್ಲಿಂದ ಬಂದಿತೋ ಆ ಸ್ಥಳದ ಚರಿತ್ರೆಯನ್ನು ಅವರ ಶಾಸ್ತ್ರವು ಬರೆಯಲಿಲ್ಲ. ಆ ಚರಿತ್ರೆಯಲ್ಲಿ ಭಾಷಾವಿದ್ವಾಂಸರ ಪಾಲೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು ೨೦೦೬ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿಸಿದ, ಈಗ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯೆನಿಸಿಕೊಂಡಿರುವ ಕೇಂದ್ರವು ಘಟ್ಟದ ಔಷಧಸಸ್ಯಗಳನ್ನು ಪರೀಕ್ಷಿಸುತ್ತಿದೆ. ಭೀಮಗಡದ ಕಾಡು ೨೦೧೧ರಿಂದ ವನ್ಯಜೀವಿಧಾಮವಾಗಿದೆ. ಗಿಡವನ್ನು ಕಾಯುವ ಕಾನೂನೂ ಅದನ್ನು ಪರೀಕ್ಷಿಸುವ ಶಾಲೆಯೂ ಹೀಗೆ ಆ ಸೀಮೆಗೆ ದೊರೆತಿವೆ. ಖಾನಾಪುರದ ಹಳ್ಳಿಗಳಲ್ಲಿ ಆ ಗಿಡಗಳಿಗಿರುವ ಹೆಸರುಗಳನ್ನೂ ಆ ಹೆಸರಿಗೆ ಹೇಳುವ ಕಾರಣಗಳನ್ನೂ, ಹೇಳಬಲ್ಲ ಮುದುಕರು ಇರುವಾಗಲೇ, ಬರೆದಿಟ್ಟುಕೊಳ್ಳುವ ಕೆಲಸವು ಬೆಳಗಾವಿಯ ಕಾಲೇಜುಗಳ ಭಾಷಾಧ್ಯಾಪಕರಿಗೂ ಅವರ ವಿದ್ಯಾರ್ಥಿಗಳಿಗೂ ಸೇರಿದ್ದು.